ಹಿಂದಿನ ಗಾಡಿಯಲ್ಲಿ ಕುಳಿತವನು

2019ರ ಬೇಸಿಗೆಯಲ್ಲಿ ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದೆ. ಒಂದು ಶನಿವಾರ ಅಳಿಯ ನಮ್ಮನ್ನೆಲ್ಲ ಕಾರಿನಲ್ಲಿ ಕೂರಿಸಿಕೊಂಡು ದೂರದ ಕಾಡು ತೋರಿಸಲು ಹೊರಟಿದ್ದ. ಹೆದ್ದಾರಿಯಲ್ಲಿ ನಮ್ಮ ಮುಂದೆ ನಮ್ಮೂರಿನ ದೊಡ್ಡ ಬಸ್ಸಿನಷ್ಟೇ ಉದ್ದದ ವಾಹನವೊಂದು ಹೋಗುತ್ತಿತ್ತು. ಅದರ ಬೆನ್ನಿಗೆ, ಒಂದಾಳುದ್ದದ ಅಂತರದಲ್ಲಿ, ಒಂದು ಪಿಕಪ್ ಗಾಡಿ. ಬಸ್ಸು ಎಡಕ್ಕೆ ಸರಿದರೆ ಅದೂ ಎಡಕ್ಕೆ, ಬಲಕ್ಕೆ ಸರಿದರೆ ಅದೂ ಬಲಕ್ಕೆ. ಇಷ್ಟು ಹತ್ತಿರ ಗಾಡಿ ಓಡಿಸುವ ಮೂರ್ಖ ಯಾರಪ್ಪಾ ಎಂದು ಪಕ್ಕದಲ್ಲಿ ಹಾದುಹೋಗುವಾಗ ಬಗ್ಗಿ ನೋಡಿದೆ. ಸ್ಟೀರಿಂಗಿನ ಹಿಂದೆ ಯಾರೂ ಇರಲಿಲ್ಲ. ಚಕ್ರ ಮಾತ್ರ ತನ್ನಷ್ಟಕ್ಕೆ ತಾನು ಅತ್ತಿತ್ತ ತಿರುಗುತ್ತಿತ್ತು.

‘ಅಯ್ಯೋ, ಅದರಲ್ಲಿ ಡ್ರೈವರೇ ಇಲ್ಲವಲ್ಲಪ್ಪಾ!’ ಎಂದು ಕೂಗಿಬಿಟ್ಟೆ. ಅಳಿಯ ನಕ್ಕ. ‘ಗಾಬರಿಯಾಗಬೇಡಿ ಮಾವ, ಅದನ್ನು ಎಳೆದುಕೊಂಡು ಹೋಗುತ್ತಿದ್ದಾರೆ. ಮುಂದಿನದು ಮೋಟಾರ್ ಹೋಮು, ಅಂದರೆ ಬಸ್ಸೇ ಮನೆ. ಅಷ್ಟು ದೊಡ್ಡದನ್ನು ತರಕಾರಿ ಅಂಗಡಿಗೆ ತೆಗೆದುಕೊಂಡು ಹೋಗೋದಕ್ಕಾಗುತ್ತಾ? ಅದಕ್ಕೇ ಊರೊಳಗೆ ಓಡಾಡಲು ಒಂದು ಸಣ್ಣ ಗಾಡಿ ಬಾಲಕ್ಕೆ ಕಟ್ಟಿಕೊಂಡಿರುತ್ತಾರೆ’ ಎಂದ. ನಾಲ್ಕು ಚಕ್ರವೂ ನೆಲದ ಮೇಲಿದ್ದಂತೆಯೇ ಎಳೆಯುವುದು ಅಲ್ಲಿ ದಿನನಿತ್ಯದ ಪದ್ಧತಿಯಂತೆ. ಎಳೆಸಿಕೊಳ್ಳುವ ಗಾಡಿಗೆ ಅವರು ತಮಾಷೆಗೆ ‘ಟೋಡ್’ ಎನ್ನುತ್ತಾರೆ. ಎಳೆಸಿಕೊಂಡದ್ದು ಎಂದೂ ಆಯಿತು, ಕಪ್ಪೆ ಎಂದೂ ಆಯಿತು.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಕಣ್ಣು ಆ ಖಾಲಿ ಸೀಟಿನ ಮೇಲೇ ನೆಟ್ಟಿತ್ತು. ಅಂಥದೇ ಒಂದು ಸೀಟಿನಲ್ಲಿ ಐವತ್ತೊಂದು ವರ್ಷಗಳ ಹಿಂದೆ ನಮ್ಮಣ್ಣ ಕುಳಿತಿದ್ದ.

ನಮ್ಮದು ಹಲಸೂರು. ಅಪ್ಪ ಕೋಲಾರದ ಕಡೆಯ ಹಳ್ಳಿಯಿಂದ ಬಂದು ಇಲ್ಲಿ ನೆಲೆಸಿದವರು. ಅಣ್ಣನಿಗೆ ಓದು ಹತ್ತಲಿಲ್ಲ. ಶಿವಾಜಿನಗರದ ಒಂದು ಗ್ಯಾರೇಜಿಗೆ ಕೆಲಸ ಕಲಿಯಲು ಸೇರಿಸಿದರು. 1968ರಲ್ಲಿ ಅವನಿಗೆ ಹದಿನೈದು ವರ್ಷ. ಗ್ಯಾರೇಜಿಗೆ ಒಂದು ಹಳೆಯ ಮಿಲಿಟರಿ ಜೀಪು ಬಂದಿತ್ತು. ಯಾರೋ ಅದರ ಹಿಂಭಾಗ ಕತ್ತರಿಸಿ, ತಗಡಿನ ತೊಟ್ಟಿ ಕೂರಿಸಿ, ತರಕಾರಿ ಸಾಗಿಸುವ ಪಿಕಪ್ ಮಾಡಿಕೊಂಡಿದ್ದರು. ಎಂಜಿನ್ ಇಳಿಸಿದ್ದ ಆ ಗಾಡಿಯನ್ನು ಒಂದು ಸಂಜೆ ಶಿವಾಜಿನಗರದಿಂದ ಹಲಸೂರಿನ ಇನ್ನೊಂದು ಷೆಡ್ಡಿಗೆ ಸಾಗಿಸಬೇಕಾಯಿತು. ಮುಂದೆ ಒಂದು ಲಾರಿ, ನಡುವೆ ಒಂದು ಹಗ್ಗ, ಹಗ್ಗದ ಎರಡೂ ತುದಿಗೆ ಕಬ್ಬಿಣದ ಕೊಕ್ಕೆ. ಹಿಂದಿನ ಗಾಡಿಯಲ್ಲಿ ಯಾರು ಕೂರಬೇಕು? ಮೇಸ್ತ್ರಿ ಲಾರಿಯಲ್ಲಿ ಕೂತ. ಹುಡುಗನನ್ನು ಜೀಪಿನಲ್ಲಿ ಕೂರಿಸಿ, ‘ಹಗ್ಗ ಸಡಿಲ ಬಿಡಬೇಡ, ಬ್ರೇಕಿನ ಮೇಲೆ ಕಾಲಿಟ್ಟಿರು’ ಎಂದಷ್ಟೇ ಹೇಳಿದ.

ಸೇಂಟ್ ಜಾನ್ಸ್ ರಸ್ತೆ ಕೆರೆಯ ಕಡೆಗೆ ಇಳಿಯುತ್ತದೆ. ಇಳಿಜಾರಿನಲ್ಲಿ ಲಾರಿಯವನು ಯಾವುದೋ ಸೈಕಲ್ಲಿಗೆ ದಾರಿ ಬಿಡಲು ನಿಧಾನ ಮಾಡಿದ. ಜೀಪು ನಿಧಾನವಾಗಲಿಲ್ಲ. ಅದರ ಬ್ರೇಕೂ ಅರ್ಧಕ್ಕರ್ಧ ಸತ್ತಿತ್ತು. ಹಗ್ಗ ಜೋತುಬಿದ್ದು ಮುಂದಿನ ಚಕ್ರದಡಿ ಹೋಯಿತು. ಅಷ್ಟರಲ್ಲಿ ಲಾರಿಯವನು ಮತ್ತೆ ವೇಗ ಕೊಟ್ಟ. ಹಗ್ಗ ಬಿಗಿದು, ಲಾರಿಯ ಕಡೆಯ ಕೊಕ್ಕೆ ಕಿತ್ತುಕೊಂಡು, ಕವಣೆಯ ಕಲ್ಲಿನಂತೆ ಹಿಂದಕ್ಕೆ ಹಾರಿತು. ಜೀಪಿನ ಮುಂಗಾಜನ್ನು ಬಾನೆಟ್ಟಿನ ಮೇಲೆ ಮಡಚಿಟ್ಟಿದ್ದರು. ಅಣ್ಣನ ಎಡಗಣ್ಣು ಹೋಯಿತು.

ಮನೆಯಲ್ಲಿ ಎಲ್ಲರೂ ಅದನ್ನು ಹಣೆಬರಹ ಎಂದರು. ಹಾಗೆನ್ನದವರು ನಮ್ಮ ಚಿಕ್ಕಪ್ಪ ಒಬ್ಬರೇ. ಅವರು ಹಲಸೂರಿನ 515 ಆರ್ಮಿ ಬೇಸ್ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಆಸ್ಪತ್ರೆಯ ವೆರಾಂಡದಲ್ಲಿ ಅಪ್ಪನ ಮುಂದೆ ಕೂತು, ‘ಹಣೆಬರಹ ಎಲ್ಲಿಂದ ಬಂತು ಅಣ್ಣಯ್ಯಾ? ಹಗ್ಗ ಕಟ್ಟಿದ್ದು ತಪ್ಪು. ಹಗ್ಗ ಎಳೆಯುತ್ತೆ, ತಡೆಯೋದಿಲ್ಲ. ಊರಲ್ಲಿ ಎತ್ತಿನ ಗಾಡಿಗೆ ಯಾರಾದರೂ ಬರೀ ಹಗ್ಗ ಕಟ್ಟಿ ಹೂಡುತ್ತಾರಾ?’ ಎಂದರು. ನನಗೆ ಆಗ ಹನ್ನೊಂದು ವರ್ಷ. ಆ ಮಾತು ಅರ್ಥವಾಗಲು ಎಷ್ಟೋ ಕಾಲ ಹಿಡಿಯಿತು. ಅರ್ಥವಾದ ಮೇಲೆ ನಮ್ಮ ದಂಡು ಪ್ರದೇಶದ ಇತಿಹಾಸವೇ ನನಗೆ ಬೇರೆ ರೀತಿ ಕಾಣತೊಡಗಿತು.

ಎತ್ತಿನ ಗಾಡಿಯನ್ನೇ ನೋಡಿ. ಗಾಡಿಗೂ ನೊಗಕ್ಕೂ ನಡುವೆ ಮರದ ಮೂಕಿ ಇರುತ್ತದೆ. ಏರು ಬಂದಾಗ ಎತ್ತುಗಳು ಮೂಕಿಯ ಮೂಲಕ ಗಾಡಿಯನ್ನು ಎಳೆಯುತ್ತವೆ. ಇಳಿಜಾರು ಬಂದಾಗ ಗಾಡಿ ಮುಂದಕ್ಕೆ ನುಗ್ಗುತ್ತದೆ. ಆಗ ಅದೇ ಮೂಕಿಯ ಮೂಲಕ ಎತ್ತುಗಳು ಗಾಡಿಯನ್ನು ಹಿಂದಕ್ಕೆ ಒತ್ತಿ ಹಿಡಿಯುತ್ತವೆ. ಗಟ್ಟಿಯಾದ ಒಂದು ಕೋಲು ಎಳೆಯುವ ಕೆಲಸವನ್ನೂ ತಡೆಯುವ ಕೆಲಸವನ್ನೂ ಮಾಡುತ್ತದೆ. ಹಗ್ಗ ಮೊದಲನೆಯದನ್ನು ಮಾತ್ರ ಮಾಡೀತು. ‘ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು’ ಎಂಬ ಗಾದೆ ಒಂದೇ ನೊಗದ ಜೋಡಿಯ ಬಗ್ಗೆ ಹುಟ್ಟಿದ್ದು. ಮುಂದಿನ ಗಾಡಿ, ಹಿಂದಿನ ಗಾಡಿಗಳ ನಡುವೆಯೂ ಅದೇ ಪಾಡು. ಇಳಿಜಾರಿನಲ್ಲಿ ಮುಂದಿನದು ನಿಲ್ಲಬೇಕೆನ್ನುತ್ತದೆ, ಹಿಂದಿನದು ಓಡಬೇಕೆನ್ನುತ್ತದೆ.

ಇದನ್ನು ದಂಡಿನವರು ಮೊದಲೇ ಕಲಿತಿದ್ದರು, ಏಕೆಂದರೆ ಫಿರಂಗಿ ಎಂಬುದೇ ಎಳೆಸಿಕೊಂಡು ಹೋಗುವ ವಸ್ತು. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯಲ್ಲಿ ಬೆಳೆದ ದನಗಳಿಗೆ ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಬಂತು. ಫಿರಂಗಿ ಎಳೆಯುವುದರಲ್ಲಿ ಆ ಎತ್ತುಗಳಿಗೆ ಸಮನಾದವು ಇರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯವರೂ ಅದೇ ತಳಿಯನ್ನು ನೆಚ್ಚಿಕೊಂಡರು. ಭಾರಿ ಫಿರಂಗಿಗೆ ಜೋಡಿಯ ಮುಂದೆ ಜೋಡಿ ಎತ್ತು ಹೂಡಿ ಏರು ಹತ್ತಿಸುತ್ತಿದ್ದರು. ಇಳಿಯುವಾಗ ಸಿಪಾಯಿಗಳು ಹಿಂದಿನಿಂದ ಹಗ್ಗ ಹಿಡಿದು, ಕಾಲು ಊರಿ, ಫಿರಂಗಿಯನ್ನು ತಡೆಯುತ್ತಿದ್ದರು. ಎಳೆಯಲು ಎತ್ತು, ತಡೆಯಲು ಮನುಷ್ಯ. ಕೈ ಜಾರಿದರೆ ಫಿರಂಗಿ ಯಾರ ಮೇಲೆ ಹರಿಯುತ್ತಿತ್ತು ಎಂದು ಹೇಳಬೇಕಾಗಿಲ್ಲ.

1809ರಲ್ಲಿ ಬ್ರಿಟಿಷರ ಸೈನ್ಯ ಶ್ರೀರಂಗಪಟ್ಟಣದ ಬೀಡು ಬಿಟ್ಟು ಹಲಸೂರಿನ ಬಯಲಿಗೆ ಬಂದಾಗ ಫಿರಂಗಿ ದಳವೂ ಬಂತು. ಆರ್ಟಿಲರಿ ರಸ್ತೆ, ಗನ್ ಟ್ರೂಪ್ ರಸ್ತೆ ಎಂಬ ಹೆಸರುಗಳು ಅದರ ಗುರುತು. ಈಗಿನ ಕಾಮರಾಜ ರಸ್ತೆ ಹಿಂದೆ ಕ್ಯಾವಲ್ರಿ ರಸ್ತೆಯಾಗಿತ್ತು. ಕುದುರೆ ಫಿರಂಗಿ ದಳದ ಸಲಕರಣೆ ನೋಡಿದರೆ ಮೂಕಿಯ ವಿದ್ಯೆ ಇನ್ನೊಂದು ಹೆಜ್ಜೆ ಮುಂದೆ ಹೋದದ್ದು ಕಾಣುತ್ತದೆ. ಫಿರಂಗಿಗೆ ಎರಡೇ ಚಕ್ರ, ಹಿಂದೆ ಒಂದು ಉದ್ದ ಬಾಲ, ಬಾಲದ ತುದಿಗೆ ಕಬ್ಬಿಣದ ಬಳೆ. ಲಿಂಬರ್ ಎಂಬ ಇನ್ನೊಂದು ಎರಡು ಚಕ್ರದ ಗಾಡಿಯ ಹಿಂದಿನ ಕೊಕ್ಕೆಗೆ ಆ ಬಳೆಯನ್ನು ಸಿಕ್ಕಿಸಿದರೆ ನಾಲ್ಕು ಚಕ್ರದ ಒಂದು ಗಾಡಿಯಾಯಿತು. ಮುಂದೆ ಆರು ಕುದುರೆ, ಮೂರು ಜೋಡಿ. ಪ್ರತಿ ಜೋಡಿಯ ಎಡಗುದುರೆಯ ಮೇಲೆ ಒಬ್ಬ ಸವಾರ. ಗಾಡಿಗೆ ತೀರ ಹತ್ತಿರದ ಜೋಡಿಗೆ ತೊಡೆಯ ಸುತ್ತ ಅಗಲವಾದ ಚರ್ಮದ ಪಟ್ಟಿ. ಇಳಿಜಾರಿನಲ್ಲಿ ಆ ಎರಡು ಕುದುರೆಗಳು ಪಟ್ಟಿಗೆ ಒರಗಿ ಇಡೀ ಭಾರವನ್ನು ತಡೆಯಬೇಕು. ಆ ಸವಾರರ ಬಲಗಾಲು ಮರದ ಮೂಕಿಗೂ ಕುದುರೆಗೂ ನಡುವೆ ಸಿಕ್ಕಿ ಮುರಿಯುವ ಭಯವಿತ್ತು. ಅದಕ್ಕಾಗಿ ಬಲಗಾಲಿಗೆ ಮಾತ್ರ ಕಬ್ಬಿಣದ ಪಟ್ಟಿಯ ಕವಚ ಕೊಡುತ್ತಿದ್ದರು. ಎಳೆಯುವ ಸಾಮಾನಿನ ಜೊತೆಗೆ ಕೂತವನ ಕಾಲನ್ನು ಉಳಿಸುವ ಸಾಮಾನೂ ಲೆಕ್ಕಕ್ಕೆ ಬಂದದ್ದಕ್ಕೆ ಆ ಒಂಟಿ ಕವಚವೇ ಸಾಕ್ಷಿ.

ಎರಡನೆಯ ಪಾಠ ಕಲಿಸಿದ್ದು ರೈಲು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡು ನಿಲ್ದಾಣಕ್ಕೆ ರೈಲು ಬಂತು. ಕೃಷ್ಣರಾಜಪುರ ದಾಟಿ ಬರುವ ಆ ದಾರಿಯಲ್ಲೇ ಇಂದಿಗೂ ಮದರಾಸಿನ ರೈಲುಗಳು ಬರುತ್ತವೆ. ರೈಲೆಂದರೆ ಒಂದರ ಹಿಂದೊಂದು ಎಳೆಸಿಕೊಳ್ಳುವ ಗಾಡಿಗಳ ಸಾಲು. ಡಬ್ಬಿಗಳ ನಡುವೆ ಎಳೆಯಲು ಕೊಕ್ಕೆ ಮತ್ತು ತಿರುಪಿನ ಕೊಂಡಿ. ಮುಂದಿನದಕ್ಕೆ ಹಿಂದಿನದು ಡಿಕ್ಕಿ ಹೊಡೆಯದಂತೆ ಪಕ್ಕದಲ್ಲಿ ಎರಡು ಬಫರು. ಮೂಕಿಯ ಎರಡು ಕೆಲಸವನ್ನು ಇಲ್ಲಿ ಬೇರೆ ಬೇರೆ ಅಂಗಗಳಿಗೆ ಹಂಚಿದ್ದಾರೆ, ಅಷ್ಟೇ. ಆದರೆ ಕೊಂಡಿಯೇ ಕಳಚಿದರೆ?

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ದೂರದ ಐರ್ಲೆಂಡಿನಲ್ಲಿ, ಬಹಳ ದುಬಾರಿ ಬೆಲೆಗೆ. 1889ರ ಜೂನ್ 12ರಂದು ಅರ್ಮಾ ಎಂಬ ಊರಿನ ಬಳಿ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುತ್ತಿದ್ದ ರೈಲು ಏರು ಹತ್ತಲಾರದೆ ನಿಂತಿತು. ರೈಲನ್ನು ಎರಡು ಮಾಡಿ ಅರ್ಧರ್ಧವಾಗಿ ಹತ್ತಿಸೋಣವೆಂದು ನಡುವೆ ಕಳಚಿದರು. ಕಳಚಿದ ಕೂಡಲೇ ಹಿಂದಿನ ಡಬ್ಬಿಗಳಿಗೆ ಎಂಜಿನ್ನಿನ ಬ್ರೇಕು ತಪ್ಪಿಹೋಯಿತು. ಅವು ಹಿಮ್ಮುಖವಾಗಿ ಇಳಿಯತೊಡಗಿ, ಹಿಂದೆ ಬರುತ್ತಿದ್ದ ರೈಲಿಗೆ ಬಡಿದು ಸುಮಾರು 80 ಜನ ಸತ್ತರು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಕಾನೂನು ಮಾಡಿತು: ಪ್ರಯಾಣಿಕರ ರೈಲಿನ ಪ್ರತಿ ಡಬ್ಬಿಗೂ ಬ್ರೇಕಿರಬೇಕು; ಡಬ್ಬಿ ಕಳಚಿಹೋದರೆ ಆ ಬ್ರೇಕು ತನ್ನಿಂದ ತಾನೇ ಹಿಡಿಯಬೇಕು. ನಮ್ಮ ರೈಲುಗಳಲ್ಲಿ ಬಹುಕಾಲ ಇದ್ದ ನಿರ್ವಾತ ಬ್ರೇಕು ಈ ತತ್ತ್ವದ್ದೇ. ಕೊಳವೆಯಲ್ಲಿ ಗಾಳಿ ಇಲ್ಲದಿರುವವರೆಗೆ ಬ್ರೇಕು ಬಿಟ್ಟಿರುತ್ತದೆ. ಕೊಳವೆ ಕಿತ್ತರೆ ಗಾಳಿ ನುಗ್ಗಿ ಬ್ರೇಕು ಬಿಗಿಯುತ್ತದೆ. ಕೆಟ್ಟರೆ ನಿಲ್ಲುವ ಕಡೆಗೇ ಕೆಡಬೇಕು, ಓಡುವ ಕಡೆಗೆ ಕೆಡಬಾರದು ಎಂಬ ನಿಯಮ ಅಂದು ಗಟ್ಟಿಯಾಯಿತು.

ಮೂರನೆಯ ಪಾಠ ಎರಡನೆಯ ಮಹಾಯುದ್ಧದ್ದು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಾಯದಿಂದ ಬೆಂಗಳೂರಿನ ಪೂರ್ವಕ್ಕೆ ವಿಮಾನ ಕಾರ್ಖಾನೆ ಶುರುಮಾಡಿದರು. 1943ರಲ್ಲಿ ಅದು ಅಮೆರಿಕದ ವಾಯುಪಡೆಯ ರಿಪೇರಿ ಡಿಪೋ ಆಯಿತು. ಅದೇ ವರ್ಷದ ಅಕ್ಟೋಬರ್ 15ರಂದು, ಕೆಟ್ಟ ವಾಹನವನ್ನು ಎಳೆದು ತಂದು ಸರಿಪಡಿಸುವುದನ್ನೇ ಕಸುಬಾಗಿ ಮಾಡಿಕೊಂಡ ಸೇನೆಯ ಎಲೆಕ್ಟ್ರಿಕಲ್ ಅಂಡ್ ಮೆಕ್ಯಾನಿಕಲ್ ಎಂಜಿನಿಯರ್ಸ್ ದಳ ಭಾರತದಲ್ಲಿ ಹುಟ್ಟಿತು. ನಮ್ಮ ಚಿಕ್ಕಪ್ಪ ಕೆಲಸ ಮಾಡುತ್ತಿದ್ದ ವರ್ಕ್‌ಶಾಪು ಆ ದಳದ್ದೇ.

ವಿಮಾನಕ್ಕೆ ನೆಲದ ಮೇಲೆ ತಾನಾಗಿ ಹಿಂದೆ ಸರಿಯಲು ಬಾರದು. ಅದನ್ನು ಟ್ರ್ಯಾಕ್ಟರಿನಿಂದ ಎಳೆಯಬೇಕು, ತಳ್ಳಬೇಕು. ಎರಡಕ್ಕೂ ಆಗುವಂಥ ಗಟ್ಟಿಯಾದ ಟೋ ಬಾರನ್ನು ಮುಂದಿನ ಚಕ್ರದ ಕಾಲಿಗೆ ಸಿಕ್ಕಿಸುತ್ತಾರೆ. ಆ ಬಾರಿನಲ್ಲಿ ಬೇಕೆಂದೇ ಬಲಹೀನವಾಗಿ ಮಾಡಿದ ಒಂದು ಕಡ್ಡಿ ಇರುತ್ತದೆ. ಟ್ರ್ಯಾಕ್ಟರಿನವನು ಜೋರಾಗಿ ಜಗ್ಗಿದರೆ ವಿಮಾನದ ಕಾಲು ಮುರಿಯುವ ಮೊದಲು ಆ ಕಡ್ಡಿ ತುಂಡಾಗುತ್ತದೆ. ಗಾಡಿಯ ಅಚ್ಚಿಗೆ ಹಾಕುವ ಕಡಾಣಿ ಯಾವ ಕಾರಣಕ್ಕೂ ಮುರಿಯಬಾರದು. ಈ ಕಡಾಣಿ ಸಮಯ ಬಂದಾಗ ಮುರಿಯಲೇಬೇಕು. ಕಡ್ಡಿ ಮುರಿದರೆ ವಿಮಾನ ಉರುಳಿಹೋಗದಂತೆ ಬ್ರೇಕು ಹಿಡಿಯಲು ಒಬ್ಬ ನುರಿತವನನ್ನು ಮೇಲೆ ಕೂರಿಸಿರುತ್ತಾರೆ. ಹಳೆಯ ವಿಮಾನ ನಿಲ್ದಾಣ 2008ರಲ್ಲಿ ದೇವನಹಳ್ಳಿಗೆ ಹೋಗುವವರೆಗೂ ಅಲ್ಲಿ ವಿಮಾನ ಹತ್ತಿದ ಎಷ್ಟೋ ಜನ ಈ ಬಾರನ್ನು ಕಿಟಕಿಯಿಂದ ನೋಡಿದ್ದಾರು. ಅದಕ್ಕೆ ಇಷ್ಟೆಲ್ಲ ಲೆಕ್ಕವಿದೆಯೆಂದು ಯಾರು ತಾನೆ ಯೋಚಿಸುತ್ತಾರೆ?

ಯುದ್ಧಕ್ಕೆ ಬಂದ ಅಮೆರಿಕದ ಜೀಪಿನ ಹಿಂದೆ ಬಾಯಿ ಮುಚ್ಚುವ ಗಟ್ಟಿ ಕೊಕ್ಕೆ ಇತ್ತು. ಮುಂದಿನ ಬಂಪರಿಗೆ ಜೋಡಿಸಲು ಇಂಗ್ಲಿಷಿನ ಎ ಅಕ್ಷರದಂಥ ಕಬ್ಬಿಣದ ಬಾರು ಬಂತು. ಎ ಅಕ್ಷರದ ಎರಡು ಕಾಲು ಹಿಂದಿನ ಗಾಡಿಯ ಎರಡು ಬದಿಗೆ, ತುದಿ ಮುಂದಿನ ಗಾಡಿಯ ಕೊಕ್ಕೆಗೆ. ಇಲ್ಲಿ ಒಂದು ಸೂಕ್ಷ್ಮವಿದೆ. ಒಂಟಿ ಕೋಲಾದರೆ ಎರಡು ತುದಿಯಲ್ಲೂ ತಿರುಗುತ್ತದೆ, ಹಿಂದಿನ ಗಾಡಿ ಅಡ್ಡಾದಿಡ್ಡಿ ಹೋದೀತು. ಅದನ್ನು ತಿರುಗಿಸಲು ಒಬ್ಬ ಬೇಕು. ಎರಡು ಕಾಲಿನ ಬಾರು ಪಕ್ಕಕ್ಕೆ ಬಾಗುವುದು ತುದಿಯಲ್ಲಿ ಮಾತ್ರ. ಮುಂದಿನ ಗಾಡಿ ತಿರುಗಿದಾಗ ಅದು ಹಿಂದಿನದರ ಮೂತಿಯನ್ನೇ ಹಿಡಿದು ತಿರುಗಿಸುತ್ತದೆ. ಮೋಟಾರು ಗಾಡಿಯ ಮುಂದಿನ ಚಕ್ರಗಳನ್ನು ಸ್ವಲ್ಪ ಹಿಂದಕ್ಕೊರಗಿದ ಕಂಬಿಯ ಮೇಲೆ ಕೂರಿಸಿರುವುದರಿಂದ, ಎಳೆದ ಕಡೆಗೆ ಅವು ತಾವಾಗಿ ಹೊರಳುತ್ತವೆ. ಆಸ್ಪತ್ರೆಯಲ್ಲಿ ತಳ್ಳುವ ಮೇಜಿನ ಚಕ್ರ ನೋಡಿದ್ದೀರಲ್ಲ, ಹಾಗೆ. ಹಿಂದಿನ ಗಾಡಿಗೆ ಇನ್ನು ಸಾರಥಿ ಬೇಕಿಲ್ಲ. ನನಗೆ ಹೆದ್ದಾರಿಯಲ್ಲಿ ಕಂಡ ಖಾಲಿ ಸೀಟಿನ ಮೂಲ ಇದು.

ಯುದ್ಧ ಮುಗಿದ ಮೇಲೆ ದೇಶದಲ್ಲೆಲ್ಲ ಸೈನ್ಯದ ಜೀಪು, ಲಾರಿಗಳು ‘ಡಿಸ್ಪೋಸಲ್’ನಲ್ಲಿ ಬಿಕರಿಯಾದವು. ನಮ್ಮಣ್ಣ ಕೂತಿದ್ದ ಜೀಪು ಅಂಥದೇ. ಶಿವಾಜಿನಗರದ ಗುಜರಿ ಅಂಗಡಿಗಳಿಗೆ ಬಂದದ್ದು ಜೀಪಿನ ಎಂಜಿನ್ನು, ಗೇರ್ ಪೆಟ್ಟಿಗೆ, ಆಕ್ಸೆಲ್ಲು. ಮಾರಿದರೆ ಕಾಸು ಬರುವಂಥವು. ಎ ಆಕಾರದ ಬಾರು ಗ್ಯಾರೇಜಿಗೆ ಬರಲಿಲ್ಲ. ಬೇಸ್ ವರ್ಕ್‌ಶಾಪಿನ ಗೋಡೆಯ ಒಳಗೆ ಆ ಬಾರಿತ್ತು. ಕೆಲವೇ ಫರ್ಲಾಂಗಿನಾಚೆ, ಗೋಡೆಯ ಹೊರಗೆ, ಹಗ್ಗವಿತ್ತು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಬಾರು ಮಾಡಿಸಲು ಕಬ್ಬಿಣ ಬೇಕು, ಬೆಸುಗೆ ಬೇಕು, ಪ್ರತಿ ಗಾಡಿಗೂ ತಕ್ಕ ಕಿವಿ ಕೂರಿಸಬೇಕು. ಹಗ್ಗಕ್ಕೆ ಕೆಲವು ರೂಪಾಯಿ ಸಾಕು. ಹಗ್ಗಕ್ಕಿಂತ ಅಗ್ಗವಾಗಿ ಸಿಗುತ್ತಿದ್ದವನು ಹಿಂದಿನ ಗಾಡಿಯಲ್ಲಿ ಕೂರುವ ಹುಡುಗ.

ಕಾನೂನು ಏನು ಹೇಳಿತು? 1989ರಲ್ಲಿ ಬಂದ ರಸ್ತೆ ನಿಯಮಗಳಲ್ಲಿ ಎಳೆಯುವುದರ ಬಗ್ಗೆಯೇ ಒಂದು ಪಾಠವಿತ್ತು. ಕೆಟ್ಟ ಗಾಡಿಯನ್ನೋ ಪೂರ್ತಿ ಜೋಡಿಸದ ಗಾಡಿಯನ್ನೋ ಮಾತ್ರ ಎಳೆಯಬಹುದು. ಅದೂ ಹತ್ತಿರದ ಗ್ಯಾರೇಜಿಗೋ ಪೆಟ್ರೋಲ್ ಬಂಕಿಗೋ, ಇಲ್ಲವೆ ಒಪ್ಪಿಸಬೇಕಾದ ಕಡೆಗೋ. ಎರಡು ಗಾಡಿಗಳ ನಡುವೆ 5 ಮೀಟರಿಗಿಂತ ಹೆಚ್ಚು ಅಂತರ ಕೂಡದು. ಹಗ್ಗವೋ ಸರಪಳಿಯೋ ಬೇರೆಯವರ ಕಣ್ಣಿಗೆ ಬೀಳುವಂತಿರಬೇಕು. ಹಿಂದಿನ ಗಾಡಿಯ ಬೆನ್ನಿಗೆ ಬಿಳಿಯ ಹಲಗೆಯ ಮೇಲೆ 75 ಮಿಲಿಮೀಟರ್ ಎತ್ತರದ ಕಪ್ಪಕ್ಷರಗಳಲ್ಲಿ ‘ಆನ್ ಟೋ’ ಎಂದು ಬರೆದಿರಬೇಕು. ವೇಗ ಗಂಟೆಗೆ 24 ಕಿಲೋಮೀಟರು ಮೀರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಹಿಂದಿನ ಗಾಡಿಯ ಮುಂಚಕ್ರಗಳನ್ನು ಕ್ರೇನಿನಿಂದಲೋ ಇನ್ನಾವುದರಿಂದಲೋ ನೆಲ ಬಿಟ್ಟು ಎತ್ತದಿದ್ದರೆ, ಆ ಗಾಡಿಯ ಸೀಟಿನಲ್ಲಿ ಲೈಸೆನ್ಸ್ ಇರುವವನೇ ಕುಳಿತಿರಬೇಕು. 2017ರಲ್ಲಿ ಆ ನಿಯಮಗಳ ಜಾಗಕ್ಕೆ ಹೊಸ ವಿನಿಯಮಗಳು ಬಂದವು. 1989ರ ಆ ಸಾಲನ್ನು ಮೊದಲ ಸಲ ಓದಿದಾಗ ಅದರೊಳಗೆ ನಮ್ಮಣ್ಣನಂಥ ಎಷ್ಟು ಹುಡುಗರು ಇದ್ದಾರೋ ಅನ್ನಿಸಿತು. ನಿಯಮಗಳನ್ನು ಸುಮ್ಮನೆ ಕೂತು ಯಾರೂ ಬರೆಯುವುದಿಲ್ಲ. ಒಂದೊಂದು ಸಾಲಿನ ಹಿಂದೆಯೂ ಎಲ್ಲೋ ಒಂದು ಆಸ್ಪತ್ರೆಯ ವೆರಾಂಡ ಇರುತ್ತದೆ.

ಅಮೆರಿಕದ ಕಾಡಿಗೆ ಮರಳುತ್ತೇನೆ. ಆ ಸಂಜೆ ನಾವು ಇಳಿದ ಜಾಗದಲ್ಲೇ ಅದೇ ಮೋಟಾರ್ ಹೋಮು ನಿಂತಿತ್ತು. ಯಜಮಾನ ನಿವೃತ್ತನಾದ ಮುದುಕ. ನನ್ನ ಕುತೂಹಲ ಕಂಡು ಸಂತೋಷಪಟ್ಟ. ಮಂಡಿಯೂರಿ ಕೂತು ಒಂದೊಂದನ್ನೇ ತೋರಿಸಿದ. ನಾನೂ ಮಂಡಿಯೂರಿದೆ. ಮೊದಲನೆಯದು ಎ ಆಕಾರದ ಬಾರು, ಯುದ್ಧದ ಜೀಪಿನದರ ಮೊಮ್ಮಗ; ಮಡಚಿ ಬಸ್ಸಿನ ಬೆನ್ನಿಗೆ ಒರಗಿಸುವಂತಿತ್ತು. ಎರಡನೆಯದು ಪಿಕಪ್ಪಿನ ಚಾಸಿಗೆ ಬೋಲ್ಟು ಹಾಕಿ ಬಿಗಿದ ತಳಪಟ್ಟಿ. ಬಂಪರಿಗೆ ಕಟ್ಟಿದರೆ ಬಂಪರೇ ಕಿತ್ತು ಬರುತ್ತದೆ, ಭಾರವೆಲ್ಲ ಚಾಸಿಯ ಮೇಲೆ ಬೀಳಬೇಕು ಎಂದ. ಕಿತ್ತು ಬಂದ ಕೊಕ್ಕೆ ಏನು ಮಾಡುತ್ತದೆಂದು ನಾನು ಹೇಳಲಿಲ್ಲ. ಮೂರನೆಯದು ಬಸ್ಸಿನ ಹಿಂದಿನ ಚೌಕದ ಗೂಡು. ಅದರೊಳಗೆ ಬಾರು ಸಾಧ್ಯವಾದಷ್ಟು ನೆಲಕ್ಕೆ ಸಮವಾಗಿ ಕೂರಬೇಕು. ಓರೆಯಾದರೆ ಬ್ರೇಕು ಹಾಕಿದಾಗ ಹಿಂದಿನ ಗಾಡಿ ಮುಂದಿನದರ ಮೇಲೆ ಹತ್ತಲು ನೋಡುತ್ತದೆ. ನಾಲ್ಕನೆಯದು ಬಾರಿನ ಕೆಳಗೆ ಕತ್ತರಿಯಾಕಾರದಲ್ಲಿ ಕಟ್ಟಿದ ಎರಡು ಸರಪಳಿ, ಬಾರು ಮುರಿದರೂ ಗಾಡಿ ಕೈತಪ್ಪಿ ಹೋಗದಿರಲೆಂದು.

ಐದನೆಯದು ಪಿಕಪ್ಪಿನ ಬ್ರೇಕ್ ಪೆಡಲನ್ನು ಒತ್ತುವ ಪೆಟ್ಟಿಗೆ. ಮುಂದೆ ಬಸ್ಸಿನವನು ಬ್ರೇಕ್ ಒತ್ತಿದರೆ ಹಿಂದೆ ಈ ಪೆಟ್ಟಿಗೆ ಒತ್ತುತ್ತದೆ. ಎರಡು ಟನ್ನಿಗೂ ಮೀರಿದ ಪಿಕಪ್ಪು ಬ್ರೇಕಿಲ್ಲದೆ ಬೆನ್ನಿಗಿದ್ದರೆ ಬಸ್ಸೇ ನಿಲ್ಲಲಾರದು. ಎಳೆಸಿಕೊಳ್ಳುವ ಗಾಡಿ 3,000 ಪೌಂಡು, ಅಂದರೆ ಸುಮಾರು 1,360 ಕಿಲೋ ಮೀರಿದರೆ ಅದಕ್ಕೆ ಅದರದೇ ಬ್ರೇಕು ಕಡ್ಡಾಯವೆಂದು ಅಲ್ಲಿಯ ಹಲವು ರಾಜ್ಯಗಳಲ್ಲಿ ನಿಯಮವಿದೆ. ಆರನೆಯದು ತೆಳ್ಳನೆಯ ಒಂದು ತಂತಿ. ಬಾರೂ ಸರಪಳಿಯೂ ಹೋಗಿ ಪಿಕಪ್ಪು ಬಿಡುಗಡೆಯಾದರೆ ತಂತಿ ಒಂದು ಕಡ್ಡಿಯನ್ನು ಕಿತ್ತುಕೊಳ್ಳುತ್ತದೆ. ಕಡ್ಡಿ ಕಿತ್ತ ಕೂಡಲೇ ಪಿಕಪ್ಪಿನ ಬ್ರೇಕು ತಾನಾಗಿ ಹಿಡಿಯುತ್ತದೆ. ಅರ್ಮಾದ ಮಕ್ಕಳು ನನಗೆ ನೆನಪಾದರು. ಏಳನೆಯದು ದೀಪದ ತಂತಿ, ಮುಂದಿನವನು ಬ್ರೇಕು ಹಾಕಿದ್ದು, ತಿರುಗಿದ್ದು ಹಿಂದೆ ಬರುವವರಿಗೆ ಪಿಕಪ್ಪಿನ ಬೆನ್ನಲ್ಲಿ ಕಾಣಲೆಂದು. ನಮ್ಮ ‘ಆನ್ ಟೋ’ ಹಲಗೆಯ ಕೆಲಸ.

ಸಾಮಾನಿಷ್ಟೂ ಇದ್ದರೂ ಎಲ್ಲ ಗಾಡಿಯನ್ನೂ ಹೀಗೆ ಎಳೆಯಲು ಬಾರದಂತೆ. ಆಟೋಮ್ಯಾಟಿಕ್ ಗೇರ್ ಪೆಟ್ಟಿಗೆಗೆ ಎಣ್ಣೆ ಒದಗಿಸುವ ಪಂಪು ಎಂಜಿನ್ ಓಡಿದರಷ್ಟೇ ಓಡುತ್ತದೆ. ಎಂಜಿನ್ ನಿಂತು ಚಕ್ರ ತಿರುಗುತ್ತಿದ್ದರೆ ಎಣ್ಣೆಯಿಲ್ಲದೆ ಹಲ್ಲುಗಳು ತೇದು ಸುಟ್ಟುಹೋಗುತ್ತವೆ. ನಾಲ್ಕೂ ಚಕ್ರಕ್ಕೆ ಬಲ ಹಂಚುವ ಪೆಟ್ಟಿಗೆ ಇರುವ ಕೆಲವು ಪಿಕಪ್‌ಗಳಲ್ಲಿ ಆ ಪೆಟ್ಟಿಗೆಯನ್ನೇ ನ್ಯೂಟ್ರಲ್ಲಿಗೆ ಹಾಕಿ ಗೇರ್ ಪೆಟ್ಟಿಗೆಯನ್ನು ಚಕ್ರದಿಂದ ಬೇರ್ಪಡಿಸಬಹುದು. ಅದಕ್ಕೇ ಈ ಕೆಲಸಕ್ಕೆ ಅಂಥವು ಪ್ರಿಯ. ಚಿಕ್ಕಪ್ಪನೂ ಲಾರಿಯನ್ನು ದೂರ ಎಳೆಯುವ ಮುನ್ನ ಪ್ರೊಪೆಲ್ಲರ್ ಶಾಫ್ಟು ಬಿಚ್ಚಿಡಬೇಕು ಎನ್ನುತ್ತಿದ್ದರು. ಇನ್ನೊಂದು, ಸ್ಟೀರಿಂಗಿಗೆ ಬೀಗ ಬಿದ್ದಿರಬಾರದು. ಮತ್ತೊಂದು, ಎಷ್ಟೇ ಕಷ್ಟವಾದರೂ ಬಸ್ಸನ್ನು ಹಿಂದಕ್ಕೆ ತೆಗೆಯಬಾರದು. ಎಳೆದ ಕಡೆ ಹೊರಳುವ ಚಕ್ರ, ತಳ್ಳಿದರೆ ಅಡ್ಡ ತಿರುಗಿ ಮಡಚಿಕೊಳ್ಳುತ್ತದೆ. ದಾರಿ ತಪ್ಪಿದರೆ ಮೊದಲು ಪಿಕಪ್ಪು ಬಿಚ್ಚಬೇಕು, ಆಮೇಲೆ ತಿರುಗಬೇಕು.

ಬೆಂಗಳೂರಿಗೆ ಬಂದ ಮರುದಿನವೇ ಅಣ್ಣನನ್ನು ನೋಡಲು ಹೋದೆ. ಕಣ್ಣು ಹೋದ ಮೇಲೆ ಅವನು ಗ್ಯಾರೇಜು ಬಿಟ್ಟು, ಚಿಕ್ಕಪ್ಪನಿಂದ ಬೆಸುಗೆ ಕಲಿತು, ಹಲಸೂರಿನಲ್ಲೇ ಸಣ್ಣ ವೆಲ್ಡಿಂಗ್ ಅಂಗಡಿ ಇಟ್ಟವನು. ಅವನು ಮೊದಲು ಮಾಡಿದ ಸಾಮಾನು ಚಿಕ್ಕಪ್ಪ ಚಾಕ್‌ಪೀಸಿನಿಂದ ನೆಲದ ಮೇಲೆ ಬರೆದುಕೊಟ್ಟ ಎ ಆಕಾರದ ಬಾರು. ಮೂವತ್ತು ವರ್ಷಕ್ಕೂ ಮಿಕ್ಕಿ ಹಳೇ ಮದ್ರಾಸ್ ರಸ್ತೆಯಲ್ಲಿ ಕೆಟ್ಟು ನಿಂತ ಜೀಪು, ಟೆಂಪೋ, ಅಂಬಾಸಿಡರುಗಳಿಗಾಗಿ ಜನ ಅದನ್ನು ಕೇಳಿಕೊಂಡು ಬರುತ್ತಿದ್ದರು. ಬಾಡಿಗೆ ತೆಗೆದುಕೊಂಡದ್ದನ್ನು ನಾನು ಕಾಣೆ. ಬಾರಿದ್ದರೂ ಹಿಂದಿನ ಗಾಡಿಯಲ್ಲಿ ಲೈಸೆನ್ಸ್ ಇದ್ದವನು ಕೂರದೆ ಅದನ್ನು ಕೈಗೆ ಕೊಡುತ್ತಿರಲಿಲ್ಲ. ಯಾರಾದರೂ ಹುಡುಗನನ್ನು ಕೂರಿಸಿದ್ದು ಕಂಡರೆ, ತನ್ನ ಕಪ್ಪು ಕನ್ನಡಕ ತೆಗೆದು ಸುಮ್ಮನೆ ಅವರತ್ತ ನೋಡುತ್ತಿದ್ದ. ಮಾತು ಬೇಕಾಗುತ್ತಿರಲಿಲ್ಲ.

ನಾನು ಹೇಳಿದ್ದನ್ನೆಲ್ಲ ಅವನು ತಲೆಯಾಡಿಸುತ್ತ ಕೇಳಿದ. ಬಾರಿನ ದಪ್ಪ ಎಷ್ಟು, ಕಿವಿಗೆ ಎಷ್ಟು ಬೋಲ್ಟು ಎಂದೆಲ್ಲ ವಿಚಾರಿಸಿದ. ತಂತಿ ಕಿತ್ತರೆ ಬ್ರೇಕು ಹಿಡಿಯುವ ವಿಷಯ ಬಂದಾಗ, ‘ಆಹಾ, ಇದನ್ನ ಚಿಕ್ಕಪ್ಪ ನೋಡಬೇಕಿತ್ತು’ ಎಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ:

‘ಹಿಂದಿನ ಗಾಡೀಲಿ ಯಾರೂ ಇರಲಿಲ್ಲ ಅಂದೆಯಲ್ಲ, ನೀನೇ ಕಣ್ಣಾರೆ ನೋಡಿದೆಯೇನೋ?’

‘ನೋಡಿದೆ ಕಣಣ್ಣ. ಸೀಟು ಖಾಲಿ ಇತ್ತು.’

‘ಒಳ್ಳೇದಾಯ್ತು ಬಿಡು’ ಎಂದ.

ಈಗ ಹಲಸೂರಿನಿಂದ ಟಿನ್ ಫ್ಯಾಕ್ಟರಿ ಕಡೆಗೆ ಹೋಗುವಾಗ ಕೆಟ್ಟ ಕಾರನ್ನು ಪೂರ್ತಿಯಾಗಿ ಬೆನ್ನ ಮೇಲೆ ಹೊತ್ತು ಸಾಗುವ ಚಪ್ಪಟೆ ಲಾರಿಗಳು ಎಷ್ಟೋ ಸಿಗುತ್ತವೆ. ಕಾರಿನವನು ಲಾರಿಯ ಕ್ಯಾಬಿನ್ನಿನಲ್ಲಿ ಕೂತು ಫೋನು ನೋಡುತ್ತಿರುತ್ತಾನೆ. ಆದರೂ ಕೃಷ್ಣರಾಜಪುರದ ತೂಗುಸೇತುವೆಯ ಏರಿನಲ್ಲಿ ಆಟೋ ಕೆಟ್ಟರೆ, ಹಿಂದಿನ ಆಟೋದವನು ಒಂದು ಕಾಲು ಹೊರಚಾಚಿ ಅದರ ಬೆನ್ನಿಗೆ ಕೊಟ್ಟು ತಳ್ಳುವುದು ತಪ್ಪಿಲ್ಲ. ಸ್ನೇಹಕ್ಕೆ ಮಾಡುವ ಉಪಕಾರ ಅದು, ದುಡ್ಡು ಕೇಳುವುದಿಲ್ಲ. ಆ ಚಾಚಿದ ಕಾಲನ್ನು ಕಂಡಾಗಲೆಲ್ಲ ನನಗೆ ಫಿರಂಗಿ ದಳದ ಸವಾರನ ಒಂಟಿ ಕಬ್ಬಿಣದ ಕವಚ ನೆನಪಾಗುತ್ತದೆ. ಇವನಿಗೂ ಯಾರಾದರೂ ಒಂದನ್ನು ಮಾಡಿಸಿಕೊಡಬಾರದೇ ಅನ್ನಿಸುತ್ತದೆ. ಅಣ್ಣನ ಎ ಆಕಾರದ ಬಾರು ಈಗಲೂ ಅವನ ಹಿತ್ತಲ ಗೋಡೆಗೆ ಒರಗಿ ನಿಂತಿದೆ. ಕೇಳುವವರು ಯಾರೂ ಬರುವುದಿಲ್ಲ. ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ, ಅವನು ಅದನ್ನು ತೊಳೆದು ಕುಂಕುಮ ಇಡುತ್ತಾನೆ.